‘ಲ್ಯಾಟಿನ್’ ಎಂದರೆ ಭಾಷೆಯೋ, ಸಭೆಯೋ, ಜಾತಿಯೋ?

ಕೊಪ್ಪ ತಾಲೂಕಿನ ನಾರ್ವೆ ಕಡೆಯ ಅಡಿಕೆ ತೋಟದಲ್ಲಾಗಲಿ, ಶೃಂಗೇರಿಗೆ ಹೋಗುವ ಬಸ್ಸಿನಲ್ಲಾಗಲಿ, ನರಸಿಂಹರಾಜಪುರದ ಪೇಟೆಯಲ್ಲಾಗಲಿ ಇಬ್ಬರು ಕಥೋಲಿಕರು ಮೊದಲ ಸಲ ಭೇಟಿಯಾದರೆ, ಹೆಸರು ಮತ್ತು ಊರು ಕೇಳಿದ ಮೇಲೆ ಬರುವ ಮೂರನೆಯ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ನೀವು ಲ್ಯಾಟಿನ್ನೋ, ಸಿರಿಯನ್ನೋ?”

“ನಾವು ಲ್ಯಾಟಿನ್” ಎಂದು ಉತ್ತರಿಸುವವರಿಗೆ ಲ್ಯಾಟಿನ್ ಭಾಷೆಯ ಒಂದು ವಾಕ್ಯವೂ ಬರುವುದಿಲ್ಲ. ಅವರ ಮನೆಮಾತು ಕೊಂಕಣಿ, ಇಲ್ಲವೇ ತಮಿಳು, ಇಲ್ಲವೇ ಕನ್ನಡ. ಅವರು ಪಾಲ್ಗೊಳ್ಳುವ ಬಲಿಪೂಜೆ ಕನ್ನಡದಲ್ಲಿ ಇಲ್ಲವೇ ಕೊಂಕಣಿಯಲ್ಲಿ ನಡೆಯುತ್ತದೆ. ಹಾಗಾದರೆ ಅವರು ಲ್ಯಾಟಿನ್ ಆಗಿದ್ದು ಹೇಗೆ? ಈ ಪದದ ಅರ್ಥವೇನು?

ಇದು ಪಂಡಿತರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಮದುವೆ ಮಾತುಕತೆಯಲ್ಲಿ, ಮಗುವಿನ ದೀಕ್ಷಾಸ್ನಾನದ ದಾಖಲೆಯಲ್ಲಿ, ಸರ್ಕಾರದ ಸಮೀಕ್ಷೆಯ ಕಾಲಮಿನಲ್ಲಿ ಈ ಪದ ನಮ್ಮೆದುರು ಬಂದು ನಿಲ್ಲುತ್ತದೆ. ಜೊತೆಗೆ 2025ರ ನವೆಂಬರ್‌ನಲ್ಲಿ ರೋಮ್‌ನಿಂದ ಒಂದು ಸುದ್ದಿ ಬಂತು. ಜಗದ್ಗುರು ಪೋಪ್ ಹದಿನಾಲ್ಕನೆಯ ಲಿಯೋ ಅವರು ಒಪ್ಪಿಗೆ ನೀಡಿದ ರೋಮನ್ ಕೂರಿಯಾದ ಹೊಸ ನಿಯಮಾವಳಿಯ ಪ್ರಕಾರ, ವ್ಯಾಟಿಕನ್ ಕಚೇರಿಗಳು ತಮ್ಮ ದಾಖಲೆಗಳನ್ನು ಲ್ಯಾಟಿನ್‌ನಲ್ಲಿ ‘ಅಥವಾ ಬೇರೆ ಭಾಷೆಯಲ್ಲಿ’ ಬರೆಯಬಹುದು. ಹಿಂದಿನ ನಿಯಮದಲ್ಲಿ ಲ್ಯಾಟಿನ್ ಮೊದಲು, ಬೇರೆ ಭಾಷೆಗಳಿಗೆ ನಂತರದ ಅನುಮತಿ ಎಂಬ ಕ್ರಮವಿತ್ತು. 2026ರ ಜನವರಿ 1ರಿಂದ ಎರಡೂ ಒಂದೇ ಸಾಲಿನಲ್ಲಿ ನಿಂತಿವೆ. ಇದನ್ನು ಓದಿದ ಕೆಲವರು “ಹಾಗಾದರೆ ನಾವು ಇನ್ನು ಲ್ಯಾಟಿನ್ ಕಥೋಲಿಕರಲ್ಲವೇ?” ಎಂದು ಗೊಂದಲಕ್ಕೆ ಬಿದ್ದರೆ ಆಶ್ಚರ್ಯವಿಲ್ಲ. ಆದುದರಿಂದ ಈ ಪದವನ್ನು ಅದರ ಬೇರಿನಿಂದಲೇ ನೋಡೋಣ.

ಊರಿನಿಂದ ಬಂದ ಹೆಸರು

ಕೊಂಕಣದ ಮಾತು ಕೊಂಕಣಿಯಾಯಿತು. ಹಾಗೆಯೇ ಲಾಟಿಯುಮ್ ಎಂಬ ನಾಡಿನ ಮಾತು ಲ್ಯಾಟಿನ್ ಆಯಿತು. ಇಟಲಿಯ ಟೈಬರ್ ನದಿಯ ದಕ್ಷಿಣಕ್ಕೆ, ಆಲ್ಬನ್ ಬೆಟ್ಟಗಳವರೆಗೆ ಹರಡಿದ್ದ ಬಯಲು ಸೀಮೆಗೆ ಲಾಟಿಯುಮ್ ಎಂದು ಹೆಸರು. ಅಲ್ಲಿ ವಾಸವಾಗಿದ್ದ ಜನ ಲ್ಯಾಟಿನರು. ರೋಮ್ ಅವರ ಹಲವು ಊರುಗಳಲ್ಲಿ ಒಂದು ಮಾತ್ರ. ಇಂದಿಗೂ ರೋಮ್ ಇರುವ ಪ್ರಾಂತ್ಯಕ್ಕೆ ಲಾತ್ಸಿಯೊ ಎಂದೇ ಹೆಸರು. ಲಾಟಿಯುಮ್ ಎಂಬ ಹೆಸರು ‘ಅಗಲವಾದ ಬಯಲು’ ಎಂಬ ಅರ್ಥದ ಪದದಿಂದ ಬಂದಿರಬಹುದೆಂದು ಭಾಷಾತಜ್ಞರಲ್ಲಿ ಹಲವರ ಅಭಿಪ್ರಾಯ. ಶನಿದೇವತೆ ಅಲ್ಲಿ ಅಡಗಿಕೊಂಡಿದ್ದನು, ಆದ್ದರಿಂದ ‘ಅಡಗು’ ಎಂಬ ಪದದಿಂದ ಆ ಹೆಸರು ಬಂತು ಎಂಬುದು ರೋಮನ್ ಕವಿ ವರ್ಜಿಲನ ಕಾವ್ಯದಲ್ಲಿ ಬರುವ ಪುರಾಣ.

ಶೃಂಗೇರಿಯ ನೆರೆಯಲ್ಲಿ ಬದುಕುವ ನಮಗೆ ಒಂದು ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ಸಂಸ್ಕೃತ ಎಂಬುದು ಊರಿನ ಹೆಸರಲ್ಲ. ‘ಚೆನ್ನಾಗಿ ಸಂಸ್ಕರಿಸಿದ್ದು’ ಎಂದು ಅದರ ಅರ್ಥ. ಲ್ಯಾಟಿನ್ ಹಾಗಲ್ಲ. ಅದು ಮೊದಲು ಕುರಿ ಕಾಯುವವರ, ಹೊಲ ಉಳುವವರ ನಾಡನುಡಿ. ಮುಂದೆ ರಾಜ್ಯ ಬೆಳೆದಂತೆ ನ್ಯಾಯಾಲಯದ, ಸೇನೆಯ, ಸಾಹಿತ್ಯದ ಭಾಷೆಯಾಯಿತು.

ಇನ್ನೊಂದು ಸಂಗತಿ ಗಮನಿಸಬೇಕು. ಕ್ರಿಸ್ತಪೂರ್ವ 338ರಲ್ಲಿ ರೋಮ್ ಲ್ಯಾಟಿನರ ಒಕ್ಕೂಟವನ್ನು ಮುರಿದ ಮೇಲೆ, ‘ಲ್ಯಾಟಿನ್ ಹಕ್ಕು’ ಎಂಬುದು ಕಾನೂನಿನ ಒಂದು ದರ್ಜೆಯಾಯಿತು. ಪೂರ್ಣ ರೋಮನ್ ನಾಗರಿಕರಲ್ಲದಿದ್ದರೂ ವ್ಯಾಪಾರ ಮುಂತಾದ ಕೆಲವು ಹಕ್ಕುಗಳುಳ್ಳವರಿಗೆ ಆ ಹೆಸರು ಸಲ್ಲುತ್ತಿತ್ತು. ದೂರದ ಸ್ಪೇನಿನ ಜನರಿಗೂ ಅದು ಸಿಕ್ಕಿತು. ಅಂದರೆ ಲ್ಯಾಟಿನ್ ಆಡದವನೂ ಕಾನೂನಿನಲ್ಲಿ ‘ಲ್ಯಾಟಿನ್’ ಆಗಬಹುದೆಂಬುದು ಕ್ರಿಸ್ತಜಯಂತಿಗೂ ಮೊದಲಿನ ಮಾತು. ನಾರ್ವೆಯ ಕೊಂಕಣಿ ಕುಟುಂಬ ತನ್ನನ್ನು ಲ್ಯಾಟಿನ್ ಎಂದು ಕರೆದುಕೊಳ್ಳುವುದರಲ್ಲಿ ಹೊಸತೇನಿಲ್ಲ!

ಧರ್ಮಸಭೆಗೆ ಲ್ಯಾಟಿನ್ ಬಂದದ್ದು ಹೇಗೆ?

ಧರ್ಮಸಭೆ ಆರಂಭದಿಂದಲೇ ಲ್ಯಾಟಿನ್‌ನಲ್ಲಿ ಪ್ರಾರ್ಥಿಸುತ್ತಿತ್ತು ಎಂದು ಹಲವರು ಭಾವಿಸಿದ್ದಾರೆ. ಅದು ಸರಿಯಲ್ಲ. ಪ್ರಭು ಯೇಸು ಆಡಿದ್ದು ಅರಮೇಯ ಮಾತು. ಸಂತ ಪೌಲರು ರೋಮ್‌ನ ಕ್ರೈಸ್ತರಿಗೇ ಪತ್ರ ಬರೆದರೂ ಗ್ರೀಕ್ ಭಾಷೆಯಲ್ಲಿ ಬರೆದರು. ಶಿಲುಬೆಯ ಮೇಲಿನ ಫಲಕದಲ್ಲಿ ಹೀಬ್ರೂ, ಲ್ಯಾಟಿನ್, ಗ್ರೀಕ್ ಮೂರೂ ಇದ್ದವೆಂದು ಸಂತ ಯೊವಾನ್ನರ ಶುಭಸಂದೇಶ ಹೇಳುತ್ತದೆ. ಅಲ್ಲಿ ಲ್ಯಾಟಿನ್ ಇದ್ದದ್ದು ಪಿಲಾತನ ಸರ್ಕಾರದ ಭಾಷೆಯಾಗಿ, ಪ್ರಾರ್ಥನೆಯ ಭಾಷೆಯಾಗಿ ಅಲ್ಲ.

ರೋಮ್‌ನ ಧರ್ಮಸಭೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಮುಖ್ಯವಾಗಿ ಗ್ರೀಕ್‌ನಲ್ಲಿ ಪ್ರಾರ್ಥಿಸಿತು. ಲ್ಯಾಟಿನ್‌ನಲ್ಲಿ ಬರೆದ ಮೊದಲ ದೊಡ್ಡ ಕ್ರೈಸ್ತ ಲೇಖಕ ತೆರ್ತುಲಿಯನ್ ಇದ್ದದ್ದು ಉತ್ತರ ಆಫ್ರಿಕಾದ ಕಾರ್ತೇಜಿನಲ್ಲಿ. ರೋಮ್‌ನ ಸಾಮಾನ್ಯ ಜನರಿಗೆ ಗ್ರೀಕ್ ತಿಳಿಯದಂತಾದಾಗ, ನಾಲ್ಕನೆಯ ಶತಮಾನದಲ್ಲಿ, ಪೋಪ್ ದಮಾಸುಸ್ ಅವರ ಕಾಲದ ಹೊತ್ತಿಗೆ ಪೂಜಾವಿಧಿ ಲ್ಯಾಟಿನ್‌ಗೆ ಬದಲಾಯಿತು. ಅವರ ಕೋರಿಕೆಯಂತೆ ಸಂತ ಜೆರೋಮರು ಶುಭಸಂದೇಶಗಳ ಹಳೆಯ ಲ್ಯಾಟಿನ್ ಅನುವಾದವನ್ನು ಪರಿಷ್ಕರಿಸಿದರು, ಮುಂದೆ ಹಳೆಯ ಒಡಂಬಡಿಕೆಯ ಹೆಚ್ಚಿನ ಗ್ರಂಥಗಳನ್ನು ಹೀಬ್ರೂವಿನಿಂದ ಅನುವಾದಿಸಿದರು. ಆ ಬೈಬಲ್ಲಿಗೆ ಮುಂದೆ ವುಲ್ಗಾತಾ ಎಂಬ ಹೆಸರು ನಿಂತಿತು. ಅದರ ಅರ್ಥ ‘ಜನಬಳಕೆಯದು’.

ಪ್ರಿಯ ಓದುಗರೇ, ಇಲ್ಲೇ ವಿಷಯದ ತಿರುಳಿದೆ. ಲ್ಯಾಟಿನ್ ದೇವಾಲಯಕ್ಕೆ ಬಂದದ್ದು ಅದು ನಿಗೂಢ ಭಾಷೆ ಎಂಬ ಕಾರಣಕ್ಕಲ್ಲ. ಜನರಿಗೆ ತಿಳಿಯುತ್ತದೆ ಎಂಬ ಕಾರಣಕ್ಕೆ. ಮುಂದೆ ಜನರ ಮಾತು ಬದಲಾಗಿ ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್ ಆದವು. 813ರಲ್ಲಿಯೇ ಫ್ರಾನ್ಸಿನ ತೂರ್ಸ್‌ನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ, ಪ್ರಬೋಧನೆಯನ್ನು ಜನರ ಆಡುಮಾತಿನಲ್ಲಿ ಮಾಡಬೇಕೆಂದು ವಿಧಿಸಿತು. ಪೂಜೆ ಮಾತ್ರ ಲ್ಯಾಟಿನ್‌ನಲ್ಲೇ ಉಳಿಯಿತು. ಆ ಪೂಜೆಯಲ್ಲೂ ಎಲ್ಲ ಪದಗಳು ಲ್ಯಾಟಿನ್ ಅಲ್ಲ. ‘ಕೀರಿಯೆ ಎಲೆಯ್ಸೊನ್’ ಗ್ರೀಕ್. ‘ಆಮೆನ್’, ‘ಅಲ್ಲೆಲೂಯ’, ‘ಹೊಸಾನ್ನ’ ಹೀಬ್ರೂ ಮೂಲದವು.

ಕರಾವಳಿಗೆ ಬಂದು ಘಟ್ಟ ಹತ್ತಿದ್ದು

ಭಾರತದಲ್ಲಿ ಲ್ಯಾಟಿನ್ ಸಭೆಯ ಮೊದಲ ಧರ್ಮಪ್ರಾಂತ್ಯ 1329ರಲ್ಲಿ ಕೊಲ್ಲಂನಲ್ಲಿ ಸ್ಥಾಪನೆಯಾಯಿತು. ಆದರೆ ಅದು ಬೇರೂರಿದ್ದು ಪೋರ್ಚುಗೀಸರ ಕಾಲದಲ್ಲಿ. ಗೋವಾ ಧರ್ಮಪ್ರಾಂತ್ಯ 1533ರಲ್ಲಿ ಆರಂಭವಾಯಿತು. ಗೋವಾದಿಂದ ಕೆನರಾ ಕರಾವಳಿಗೆ ಬಂದ ಕೊಂಕಣಿ ಕಥೋಲಿಕರು ಲ್ಯಾಟಿನ್ ಪೂಜೆಯನ್ನು ತಂದರು. ಅವರ ಮುಂದಿನ ಪೀಳಿಗೆಯ ಹಲವರು ಘಟ್ಟ ಹತ್ತಿ ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳಿಗೆ ಬಂದರು.

ಅಂದಿನ ಹಿರಿಯರು ಲ್ಯಾಟಿನ್ ಕಲಿತವರಲ್ಲ, ಆದರೆ ಕಿವಿಯಿಂದ ಉಳಿಸಿಕೊಂಡವರು. ಆಶೀರ್ವಾದದ ಹೊತ್ತಿನಲ್ಲಿ ‘ತಾಂತುಮ್ ಎರ್ಗೊ’ ಹಾಡುತ್ತಿದ್ದ ಅಜ್ಜಿಯರಿಗೆ ಪದಪದದ ಅರ್ಥ ಗೊತ್ತಿರಲಿಲ್ಲ, ಭಕ್ತಿ ಗೊತ್ತಿತ್ತು. ಜೊತೆಗೆ ಪೋರ್ಚುಗೀಸ್ ದಾರಿಯಿಂದ ಹಲವು ಲ್ಯಾಟಿನ್ ಪದಗಳು ನಮ್ಮ ಮನೆಯೊಳಗೇ ಬಂದು ಕುಳಿತವು. ಪಾದ್ರಿ, ಕೊಂಕಣಿಯ ಮೀಸ್, ವಿಗಾರ್, ಖುರಿಸ್, ಆಲ್ತಾರ್, ನತಾಲ್ ಇವೆಲ್ಲದರ ಬೇರು ಲ್ಯಾಟಿನ್. ಸಂಜೆಯ ‘ತೇರ್ಸ್’ ಎಂದರೆ ಮೂರನೆಯ ಒಂದು ಭಾಗ. ಹದಿನೈದು ರಹಸ್ಯಗಳ ಪೂರ್ಣ ಜಪಸರದಲ್ಲಿ ಐದನ್ನು ಒಂದು ಹೊತ್ತಿಗೆ ಹೇಳುತ್ತಿದ್ದರಿಂದ ಆ ಹೆಸರು. ದೇವಾಲಯದ ಹೊರಗೂ ಚಾವಿ, ಅಲಮಾರು, ಪಗಾರ ಎಂಬ ಪದಗಳು ಅದೇ ದಾರಿಯಲ್ಲಿ ಬಂದವು.

ಕೊಡುಕೊಳ್ಳುವಿಕೆ ಎರಡೂ ಕಡೆಯದು. ನಾರ್ವೆಯ ತೋಟದ ಅಡಿಕೆ ಮರಕ್ಕೆ 1753ರಲ್ಲಿ ಲಿನ್ನೇಯಸ್ ಕೊಟ್ಟ ವೈಜ್ಞಾನಿಕ ಹೆಸರು ‘ಅರೆಕಾ ಕಟೆಚು’. ಕೇಳಲು ಲ್ಯಾಟಿನ್. ಆದರೆ ಅರೆಕಾ ಎಂಬುದು ನಮ್ಮ ‘ಅಡಿಕೆ’ಯ ಸೋದರ ಪದವಾದ ಮಲಯಾಳದ ‘ಅಡಕ್ಕ’ ಪೋರ್ಚುಗೀಸರ ಬಾಯಲ್ಲಿ ತಿರುಗಿದ ರೂಪ, ಕಟೆಚು ಎಂಬುದು ನಮ್ಮ ‘ಕಾಚು’ವಿನ ಬಳಗದ್ದು. ಲ್ಯಾಟಿನ್‌ನ ಅಂಗಿ ತೊಟ್ಟ ದಕ್ಷಿಣ ಭಾರತದ ಪದಗಳು ಅವು.

1963ರ ಆ ಹದಿನೆಂಟು ದಿನಗಳು

ಚಿಕ್ಕಮಗಳೂರು ಧರ್ಮಪ್ರಾಂತ್ಯ ಮೈಸೂರಿನಿಂದ ಬೇರ್ಪಟ್ಟು ಸ್ಥಾಪನೆಯಾದದ್ದು 1963ರ ನವೆಂಬರ್ 16ರಂದು. ಆಗ ರೋಮ್‌ನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯುತ್ತಿತ್ತು. ಸರಿಯಾಗಿ ಹದಿನೆಂಟು ದಿನಗಳ ಬಳಿಕ, ಡಿಸೆಂಬರ್ 4ರಂದು, ದೈವಾರಾಧನೆಯ ಕುರಿತ ಶಾಸನಕ್ಕೆ 2,147 ಮಂದಿ ಪರವಾಗಿ, 4 ಮಂದಿ ವಿರುದ್ಧವಾಗಿ ಮತ ಹಾಕಿದರು. ಲ್ಯಾಟಿನ್ ಭಾಷೆಯ ಬಳಕೆಯನ್ನು ಉಳಿಸಿಕೊಳ್ಳುತ್ತಲೇ ನಾಡಭಾಷೆಗಳಿಗೆ ಅದು ಬಾಗಿಲು ತೆರೆಯಿತು. 1965ರ ಮಾರ್ಚ್ 7ರಂದು ಪೋಪ್ ಆರನೆಯ ಪೌಲರು ರೋಮ್‌ನ ಒಂದು ಧರ್ಮಕೇಂದ್ರದಲ್ಲಿ ಇಟಾಲಿಯನ್ ಭಾಷೆಯಲ್ಲಿ ಬಲಿಪೂಜೆ ಅರ್ಪಿಸಿದರು. ಕನ್ನಡ, ಕೊಂಕಣಿ ಪೂಜೆಗಳು ನಮ್ಮ ಬಲಿಪೀಠಗಳಿಗೆ ಬಂದದ್ದು ಈ ತೀರ್ಮಾನದ ಫಲ.

ಈ ಕಥೆಯಲ್ಲಿ ನಾವು ಮರೆತ ಒಬ್ಬರಿದ್ದಾರೆ. ಮಹಾಸಭೆಯಲ್ಲಿ ಎಲ್ಲರೂ ಲ್ಯಾಟಿನ್‌ನಲ್ಲಿ ಮಾತನಾಡುತ್ತಿದ್ದಾಗ, ಪೌರ್ವಾತ್ಯ ಮೆಲ್ಕೈಟ್ ಸಭೆಯ ಪಿತೃಪ್ರಧಾನ ನಾಲ್ಕನೆಯ ಮಾಕ್ಸಿಮೋಸ್ ಅವರು ಬೇಕೆಂದೇ ಫ್ರೆಂಚ್‌ನಲ್ಲಿ ಮಾತನಾಡಿದರು. ಕ್ರಿಸ್ತರು ತಮ್ಮ ಕಾಲದ ಜನರ ಮಾತಿನಲ್ಲೇ ಬೋಧಿಸಿದರು, ಭಾಷೆ ಇರುವುದು ಮನುಷ್ಯರಿಗಾಗಿ ಎಂಬುದು ಅವರ ವಾದವಾಗಿತ್ತು. ಲ್ಯಾಟಿನ್ ಸಭೆಯ ನಮಗೆ ನಮ್ಮ ಭಾಷೆಯ ಪೂಜೆ ಸಿಗಲು ಪೌರ್ವಾತ್ಯ ಸಭೆಯ ಒಬ್ಬ ಹಿರಿಯರು ದನಿ ಎತ್ತಿದರು. ‘ಅವರು ಸಿರಿಯನ್, ನಾವು ಲ್ಯಾಟಿನ್’ ಎಂದು ಗೋಡೆ ಕಟ್ಟುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಹಳೆಯ ಲ್ಯಾಟಿನ್ ಪೂಜೆಯ ಬಗ್ಗೆ ಚರ್ಚೆ ನಿಂತಿಲ್ಲ. 2007ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಅದಕ್ಕೆ ಹೆಚ್ಚಿನ ಅವಕಾಶ ನೀಡಿದರು. 2021ರಲ್ಲಿ ಪೋಪ್ ಫ್ರಾನ್ಸಿಸರು ಅದನ್ನು ಬಿಗಿಗೊಳಿಸಿದರು. ಭಾಷೆಯ ಉಪಯೋಗವೂ ಮುಗಿದಿಲ್ಲ. 2013ರ ಫೆಬ್ರವರಿ 11ರಂದು ಬೆನೆಡಿಕ್ಟರು ರಾಜೀನಾಮೆಯನ್ನು ಲ್ಯಾಟಿನ್‌ನಲ್ಲಿ ಓದಿದಾಗ, ಆ ಭಾಷೆ ಬಲ್ಲ ಒಬ್ಬ ಇಟಾಲಿಯನ್ ಪತ್ರಕರ್ತೆ ಸುದ್ದಿಯನ್ನು ಜಗತ್ತಿಗೆ ಮೊದಲು ತಿಳಿಸಿದರು. 2025ರ ಮೇ 8ರಂದು ಹೊಸ ಪೋಪರ ಆಯ್ಕೆಯನ್ನು ಸಾರಿದ್ದೂ ಲ್ಯಾಟಿನ್‌ನಲ್ಲೇ. ಹೊಸ ನಿಯಮಾವಳಿಯಲ್ಲೂ ವ್ಯಾಟಿಕನ್‌ನ ಲ್ಯಾಟಿನ್ ವಿಭಾಗ ಮುಂದುವರಿದಿದೆ.

‘ಲ್ಯಾಟಿನ್ ಸಭೆ’ ಎಂದರೇನು?

ಹಾಗಾದರೆ ಕಚೇರಿಯ ಭಾಷೆ ಬದಲಾದರೆ ನಾವು ಲ್ಯಾಟಿನ್ ಅಲ್ಲವಾಗುತ್ತೇವೆಯೇ? ಇಲ್ಲ. ಕಥೋಲಿಕ ಧರ್ಮಸಭೆ ಒಂದೇ. ಅದರೊಳಗೆ 24 ಸ್ವಾಯತ್ತ ಸಭೆಗಳಿವೆ. ಒಂದು ಲ್ಯಾಟಿನ್ ಸಭೆ, ಉಳಿದ 23 ಪೌರ್ವಾತ್ಯ ಸಭೆಗಳು. ಎಲ್ಲವೂ ಪೋಪ್ ಜಗದ್ಗುರುಗಳೊಂದಿಗೆ ಐಕ್ಯದಲ್ಲಿವೆ. ಭಾರತದಲ್ಲಿ ಲ್ಯಾಟಿನ್, ಸಿರೋ-ಮಲಬಾರ್, ಸಿರೋ-ಮಲಂಕರ ಎಂಬ ಮೂರು ಸಭೆಗಳಿವೆ. ಇಲ್ಲಿ ‘ಲ್ಯಾಟಿನ್’ ಎಂದರೆ ರೋಮ್‌ನ ಪೂಜಾ ಸಂಪ್ರದಾಯ ಮತ್ತು 1983ರ ಧರ್ಮಸಭಾ ಕಾನೂನಿಗೆ ಒಳಪಟ್ಟ ಕುಟುಂಬ. ಪೌರ್ವಾತ್ಯ ಸಭೆಗಳಿಗೆ 1990ರಲ್ಲಿ ಪ್ರಕಟವಾದ ಪ್ರತ್ಯೇಕ ಕಾನೂನು ಸಂಹಿತೆಯಿದೆ. ಹಾಗೆಯೇ ‘ಸಿರಿಯನ್’ ಎಂದರೆ ಸಿರಿಯಾ ದೇಶದವರೆಂದಲ್ಲ. ಸಿರಿಯಾಕ್ ಭಾಷೆಯ ಪೂಜಾ ಪರಂಪರೆಯವರು ಎಂದರ್ಥ. ಅವರೂ ಇಂದು ಪೂಜಿಸುವುದು ಹೆಚ್ಚಾಗಿ ಮಲಯಾಳದಲ್ಲಿ.

ಕೇರಳದಿಂದ ಬಂದು ಮಲೆನಾಡಿನಲ್ಲಿ ಕೃಷಿ ಮಾಡಿದ ಕುಟುಂಬಗಳಿಂದಾಗಿ ಈ ಎರಡು ಪರಂಪರೆಗಳು ಒಂದೇ ಊರಿನಲ್ಲಿ ನೆರೆಹೊರೆಯಾದವು. ಭಾರತದ ಮೂರೂ ಸಭೆಗಳಿಗೆ ತಮ್ಮ ಜನರನ್ನು ತಮ್ಮ ಪರಂಪರೆಯಲ್ಲೇ ಪೋಷಿಸುವ ಹಕ್ಕಿದೆ ಎಂದು ಪೋಪ್ ಎರಡನೆಯ ಜಾನ್ ಪೌಲರು 1987ರಲ್ಲಿ ಬರೆದರು. ಅನಂತರ ಸಿರೋ-ಮಲಬಾರ್ ಸಭೆಗೆ 1999ರಲ್ಲಿ ಬೆಳ್ತಂಗಡಿ, 2007ರಲ್ಲಿ ಭದ್ರಾವತಿ, 2010ರಲ್ಲಿ ಮಂಡ್ಯ ಧರ್ಮಪ್ರಾಂತ್ಯಗಳು ಬಂದವು. 2010ರಲ್ಲೇ ಸಿರೋ-ಮಲಂಕರ ಸಭೆಗೆ ಪುತ್ತೂರು ಧರ್ಮಪ್ರಾಂತ್ಯವಾಯಿತು. 2017ರ ಅಕ್ಟೋಬರ್‌ನಲ್ಲಿ ಪೋಪ್ ಫ್ರಾನ್ಸಿಸರು ಸಿರೋ-ಮಲಬಾರ್ ಸಭೆಯ ಅಧಿಕಾರವ್ಯಾಪ್ತಿಯನ್ನು ಇಡೀ ದೇಶಕ್ಕೆ ವಿಸ್ತರಿಸಿದರು. ಹೀಗಾಗಿ ಒಂದೇ ನೆಲದಲ್ಲಿ ಇಬ್ಬರು ಧರ್ಮಾಧ್ಯಕ್ಷರಿರುವುದು ಸ್ಪರ್ಧೆಯಲ್ಲ, ವ್ಯವಸ್ಥೆ.

ದಾಖಲೆ ಪುಸ್ತಕದ ಒಂದು ಪದ

ಧರ್ಮಕೇಂದ್ರದ ಕಚೇರಿಯಲ್ಲಿ ಕೆಲಸ ಮಾಡುವವರು, ಧರ್ಮೋಪದೇಶಕರು, ವಾಳೆಯ ಗುರಿಕಾರರು ಈ ಕೆಲವು ವಿಷಯಗಳನ್ನು ತಿಳಿದಿರಬೇಕು.

ಯಾವ ದೇವಾಲಯದಲ್ಲಿ ಮಗುವಿಗೆ ದೀಕ್ಷಾಸ್ನಾನವಾಯಿತು ಎಂಬುದರಿಂದ ಮಗು ಯಾವ ಸಭೆಗೆ ಸೇರಿತು ಎಂಬುದು ತೀರ್ಮಾನವಾಗುವುದಿಲ್ಲ. ತಂದೆತಾಯಿ ಇಬ್ಬರೂ ಲ್ಯಾಟಿನ್ ಸಭೆಯವರಾದರೆ ಮಗುವೂ ಲ್ಯಾಟಿನ್. ಇಬ್ಬರೂ ಸಿರೋ-ಮಲಬಾರ್ ಆಗಿದ್ದು, ಹತ್ತಿರದಲ್ಲಿ ಬೇರೆ ದೇವಾಲಯವಿಲ್ಲವೆಂದು ಲ್ಯಾಟಿನ್ ಗುರುಗಳಿಂದ ದೀಕ್ಷಾಸ್ನಾನ ಪಡೆದರೂ ಮಗು ಸಿರೋ-ಮಲಬಾರ್ ಸಭೆಯದೇ. ತಂದೆತಾಯಿ ಬೇರೆ ಬೇರೆ ಸಭೆಯವರಾಗಿದ್ದು ಒಮ್ಮತವಿಲ್ಲದಿದ್ದರೆ ಮಗು ತಂದೆಯ ಸಭೆಗೆ ಸೇರುತ್ತದೆ; ಇಬ್ಬರೂ ಒಪ್ಪಿದರೆ ತಾಯಿಯ ಸಭೆಗೂ ಸೇರಿಸಬಹುದು. ಹದಿನಾಲ್ಕು ವರ್ಷ ತುಂಬಿ ದೀಕ್ಷಾಸ್ನಾನ ಪಡೆಯುವವರು ತಾವೇ ಆರಿಸಿಕೊಳ್ಳಬಹುದು.

ಮದುವೆಯಾದ ಮಾತ್ರಕ್ಕೆ ಹುಡುಗಿಯ ಸಭೆ ತಾನಾಗಿ ಬದಲಾಗುವುದಿಲ್ಲ. ಲ್ಯಾಟಿನ್ ಹುಡುಗಿ ಸಿರೋ-ಮಲಬಾರ್ ಹುಡುಗನ ಕೈ ಹಿಡಿದರೆ ಗಂಡನ ಸಭೆಗೆ ಹೋಗಲು ಕಾನೂನು ಅವಕಾಶ ಕೊಡುತ್ತದೆ, ಒತ್ತಾಯಿಸುವುದಿಲ್ಲ. ಹೋಗುವುದಾದರೆ ಇಬ್ಬರು ಸಾಕ್ಷಿಗಳ ಮುಂದೆ ಘೋಷಿಸಬೇಕು, ಅದು ದಾಖಲಾಗಬೇಕು. ಎಷ್ಟೇ ವರ್ಷ ಇನ್ನೊಂದು ಸಭೆಯ ದೇವಾಲಯಕ್ಕೆ ಹೋದರೂ ಅಷ್ಟರಿಂದಲೇ ಸದಸ್ಯತ್ವ ಬದಲಾಗದು.

2016ರಲ್ಲಿ ಪೋಪ್ ಫ್ರಾನ್ಸಿಸರು ಎರಡು ಕಾನೂನು ಸಂಹಿತೆಗಳನ್ನು ಹೊಂದಿಸುವ ತಿದ್ದುಪಡಿ ತಂದರು. ಅದರ ಪ್ರಕಾರ ಯಾವ ಸಭೆಗೆ ಸೇರ್ಪಡೆ ಎಂಬುದನ್ನೂ, ಮುಂದಿನ ಬದಲಾವಣೆಯನ್ನೂ ದೀಕ್ಷಾಸ್ನಾನದ ಪುಸ್ತಕದಲ್ಲಿ ಬರೆಯಲೇಬೇಕು. ಲ್ಯಾಟಿನ್ ಮತ್ತು ಪೌರ್ವಾತ್ಯ ಸಭೆಯವರ ನಡುವಿನ ಮದುವೆಯನ್ನು ಗುರುಗಳೇ ನೆರವೇರಿಸಬೇಕು. ಡೀಕನ್‌ರಿಂದ ಅದು ಸಿಂಧುವಾಗದು. ಇನ್ನೊಂದು ಎಚ್ಚರಿಕೆ: ಪೌರ್ವಾತ್ಯ ಪರಂಪರೆಯಲ್ಲಿ ದೀಕ್ಷಾಸ್ನಾನದೊಂದಿಗೇ ದೃಢೀಕರಣ ಸಂಸ್ಕಾರವನ್ನೂ ಕೊಡುವ ಪದ್ಧತಿಯಿದೆ. ಅಂಥ ಮಗು ನಮ್ಮ ಧರ್ಮೋಪದೇಶದ ತರಗತಿಯಲ್ಲಿದ್ದರೆ ಪ್ರಮಾಣಪತ್ರ ನೋಡದೆ ದೃಢೀಕರಣದ ಪಟ್ಟಿಗೆ ಸೇರಿಸಬಾರದು. ಆ ಸಂಸ್ಕಾರ ಜೀವನದಲ್ಲಿ ಒಂದೇ ಸಲ.

ಇನ್ನು ಭಾನುವಾರದ ಮಾತು. ಯಾವುದೇ ಕಥೋಲಿಕ ಸಂಪ್ರದಾಯದ ಬಲಿಪೂಜೆಯಲ್ಲಿ ಪಾಲ್ಗೊಂಡರೂ ಭಾನುವಾರದ ಕರ್ತವ್ಯ ಪೂರ್ಣವಾಗುತ್ತದೆ. ಪರಮಪ್ರಸಾದ ಸ್ವೀಕರಿಸಬಹುದು, ಪಾಪನಿವೇದನೆ ಮಾಡಬಹುದು. ಮಳೆಗಾಲದಲ್ಲಿ ದೂರದ ದೇವಾಲಯಕ್ಕೆ ಹೋಗಲಾಗದ ಲ್ಯಾಟಿನ್ ಕುಟುಂಬ ಹತ್ತಿರದ ಸಿರೋ-ಮಲಬಾರ್ ದೇವಾಲಯಕ್ಕೆ ಹೋದರೆ ಅದು ತಪ್ಪಲ್ಲ, ಪಕ್ಷಾಂತರವೂ ಅಲ್ಲ.

ಜಾತಿಯ ಕಾಲಮಿನಲ್ಲಿ ‘ಲ್ಯಾಟಿನ್’

ಕೇರಳದಲ್ಲಿ ಈ ಪದಕ್ಕೆ ಮತ್ತೊಂದು ಅರ್ಥವಿದೆ. ಅಲ್ಲಿ ಲ್ಯಾಟಿನ್ ಕಥೋಲಿಕರು ಹಿಂದುಳಿದ ವರ್ಗಗಳ ಪಟ್ಟಿಯಲ್ಲಿರುವ ಒಂದು ಸಮುದಾಯ. ಕರ್ನಾಟಕದಲ್ಲಿ ಹಾಗಿಲ್ಲ. ಇಲ್ಲಿ ಮೀಸಲಾತಿಯ ವಿಷಯದಲ್ಲಿ ಕ್ರೈಸ್ತರು ಸಾಮಾನ್ಯವಾಗಿ ಪ್ರವರ್ಗ 3ಬಿ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1. 2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ವೇಳೆ ಕ್ರೈಸ್ತರ ಜಾತಿ ಕಾಲಮಿನ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. 2027ರ ಜನಗಣತಿಯಲ್ಲಿ ಜಾತಿಯ ವಿವರವನ್ನೂ ಸೇರಿಸುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿತು. ಇಂಥ ಹೊತ್ತಿನಲ್ಲಿ ಸಭೆಯ ಹೆಸರನ್ನು ಜಾತಿಯ ಹೆಸರೆಂದು ತಿಳಿದು ಬರೆಸುವುದರಿಂದ ಗೊಂದಲವೇ ಹೆಚ್ಚು. ದಾಖಲೆಯಲ್ಲಿ ಏನಿದೆಯೋ ಅದನ್ನು ವಿಚಾರಿಸಿಕೊಂಡು ಬರೆಸುವುದು ಲೇಸು.

ಇನ್ನೂ ದೊಡ್ಡ ಅಪಾಯ ಕಾಲಮಿನಲ್ಲಿಲ್ಲ, ಮನಸ್ಸಿನಲ್ಲಿದೆ. “ಅವರು ಮೇಲಿನವರು, ಇವರು ಕೆಳಗಿನವರು” ಎಂಬ ಭಾವದಿಂದ ಲ್ಯಾಟಿನ್, ಸಿರಿಯನ್ ಎಂಬ ಪದಗಳನ್ನು ಬಳಸಿದರೆ, ಮದುವೆ ಸಂಬಂಧ ತಪ್ಪಿಸಲು ಬಳಸಿದರೆ, ಸಭೆಯ ಹೆಸರು ಜಾತಿಯ ಹೆಸರಾಗುತ್ತದೆ. ದೀಕ್ಷಾಸ್ನಾನದ ನೀರು ತೊಳೆಯಬೇಕಾದದ್ದನ್ನು ನಾವೇ ಮತ್ತೆ ಹಚ್ಚಿಕೊಂಡಂತಾಗುತ್ತದೆ.

ಎರಡು ಹೊಳೆ, ಒಂದು ಬೆಟ್ಟ

ಶೃಂಗೇರಿಯಲ್ಲಿ, ಕೊಪ್ಪದ ಹರಿಹರಪುರದಲ್ಲಿ ಹರಿಯುವುದು ತುಂಗೆ. ನರಸಿಂಹರಾಜಪುರ ತಾಲೂಕಿನ ಬಾಳೆಹೊನ್ನೂರಿನಲ್ಲಿ ಹರಿಯುವುದು ಭದ್ರೆ. ಎರಡೂ ಹುಟ್ಟುವುದು ಒಂದೇ ಗಂಗಾಮೂಲದಲ್ಲಿ. ಬೇರೆ ಬೇರೆ ಕಣಿವೆಯ ತೋಟಗಳಿಗೆ ನೀರುಣಿಸಿ ಕೂಡಲಿಯಲ್ಲಿ ಒಂದಾಗುತ್ತವೆ. ಹರಿಯುವಷ್ಟು ದೂರ ಎರಡಕ್ಕೂ ತಮ್ಮದೇ ಹೆಸರಿದೆ. ಯಾರೂ ಅದನ್ನು ಜಗಳವೆನ್ನುವುದಿಲ್ಲ.

ಆದುದರಿಂದ ಮುಂದಿನ ಸಲ ಯಾರಾದರೂ “ನೀವು ಲ್ಯಾಟಿನ್ನೋ, ಸಿರಿಯನ್ನೋ?” ಎಂದು ಕೇಳಿದರೆ ಸಂಕೋಚವಿಲ್ಲದೆ ಉತ್ತರಿಸೋಣ, ಏಕೆಂದರೆ ನಮ್ಮ ಪರಂಪರೆಯನ್ನು ತಿಳಿದಿರುವುದು ಒಳ್ಳೆಯದೇ. ಆದರೆ ಮಾತು ಅಲ್ಲಿಗೆ ನಿಲ್ಲದಿರಲಿ. ಜನರಿಗೆ ತಿಳಿಯಲೆಂದು ಧರ್ಮಸಭೆ ಆರಿಸಿಕೊಂಡ ಭಾಷೆಯ ಹೆಸರನ್ನು ಜನರನ್ನು ದೂರವಿಡಲು ಬಳಸುವುದು ಆ ಹೆಸರಿಗೇ ಮಾಡುವ ಅನ್ಯಾಯ. ಇಂದೇ ನಿಮ್ಮ ಮನೆಯ ದೀಕ್ಷಾಸ್ನಾನದ ಪ್ರಮಾಣಪತ್ರಗಳನ್ನು ತೆಗೆದು ನೋಡಿ. ಸಭೆಯ ಹೆಸರು ಬಿಟ್ಟುಹೋಗಿದ್ದರೆ ಅಥವಾ ತಪ್ಪಾಗಿದ್ದರೆ ನಿಮ್ಮ ಧರ್ಮಗುರುಗಳನ್ನು ಕಂಡು ಮಾತನಾಡಿ. ಹಾಗೆಯೇ ಪಕ್ಕದ ತೋಟದ ಸಿರೋ-ಮಲಬಾರ್ ಕುಟುಂಬವನ್ನು ನಿಮ್ಮ ಧರ್ಮಕೇಂದ್ರದ ಹಬ್ಬಕ್ಕೆ ಕರೆಯಿರಿ.